ಅಕ್ಕನ ಡೆಸ್ಕ್‌ಟಾಪ್ ಎಲ್ಲಿ ಹೋಯ್ತು? ಮಂಡ್ಯದ ಡಿಟಿಪಿ ಅಂಗಡಿಯೊಂದರ ಪ್ರಕರಣ

2025ರ ನವೆಂಬರ್ 17, ಕಾರ್ತಿಕದ ಕಡೇ ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಮಂಡ್ಯದ ವಿ.ವಿ. ರಸ್ತೆಯಿಂದ ಒಳಗೆ ಸಿಗುವ ಒಂದು ಅಡ್ಡರಸ್ತೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಅಕ್ಕ. ಇಪ್ಪತ್ತು ವರ್ಷದ ಮೇಲಾಯಿತು, ಮದುವೆ ಕಾರ್ಡು, ತಿಥಿ ಕಾರ್ಡು, ಬೀಗರೂಟದ ಕಾರ್ಡು, ಬಿಲ್ ಬುಕ್ಕು ಅಂತ ಟೈಪ್ ಮಾಡಿಕೊಂಡೇ ಬಂದವರು. ಅವರ ಕಂಪ್ಯೂಟರ್ ಕೆಟ್ಟರೆ ನೋಡುವವನು ನಾನು.

"ಎಲ್ಲಾ ಒಂಟೋಗದೆ ಕಣಪ್ಪ. ಒಂದೂ ಇಲ್ಲ. ನೀಲಿ ಹೂವೊಂದು ಕೂತದೆ ಅಷ್ಟೆ."

ನೀಲಿ ಹೂವು ಅಂದರೆ ವಿಂಡೋಸ್ 11 ತಾನಾಗಿ ಹಾಕಿಕೊಳ್ಳುವ ವಾಲ್‌ಪೇಪರ್. ಅಲ್ಲಿಗೆ ಅರ್ಧ ಕತೆ ಗೊತ್ತಾಯಿತು. ಯಾರೋ ಅಪ್‌ಗ್ರೇಡ್ ಮಾಡಿದ್ದಾರೆ. ಉಳಿದರ್ಧ ಗೊತ್ತಾಗೋಕೆ ಎರಡು ದಿನ ಹಿಡಿಯಿತು. ಅದರಲ್ಲಿ ಒಂದು ದಿನದ ತಪ್ಪು ನನ್ನದೇ.

ಅಪ್‌ಗ್ರೇಡ್ ಆದದ್ದು ಹೀಗೆ

ಅಂಗಡಿಯಲ್ಲಿ ಅಕ್ಕನ ತಮ್ಮನ ಮಗ ಕೆಲಸಕ್ಕಿದ್ದಾನೆ. ಚುರುಕು ಹುಡುಗ. ವಿಂಡೋಸ್ 10ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಆ ಸೂಚನೆ ಪರದೆ ಮೇಲೆ ಆಗಾಗ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅಷ್ಟು ಅವಸರ ಇರಲಿಲ್ಲ. ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಅಪ್‌ಡೇಟ್ ಸಿಗುವ ದಾರಿ ಇತ್ತು. ಆದರೆ ಕಂಪ್ಯೂಟರಿನಲ್ಲಿದ್ದದ್ದು ಎಂಟನೇ ತಲೆಮಾರಿನ ಇಂಟೆಲ್ ಐ3, 8 ಜಿಬಿ ರ‍್ಯಾಮ್. ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ವ್ಯವಸ್ಥೆ ಕೂಡ ಇದೆ. ವಿಂಡೋಸ್ 11ಕ್ಕೆ ಬೇಕಾದ್ದೆಲ್ಲ ಇದೆ ಅಂತ ಕಂಪ್ಯೂಟರೇ ಹೇಳುತ್ತಿತ್ತು. 15ನೇ ತಾರೀಕು ಶನಿವಾರ ರಾತ್ರಿ ಹುಡುಗ ಅಪ್‌ಗ್ರೇಡ್‌ಗೆ ಕೊಟ್ಟು ಮನೆಗೆ ಹೋದ.

ಭಾನುವಾರ ಬಂದು ನೋಡಿದರೆ ಡೆಸ್ಕ್‌ಟಾಪ್ ಖಾಲಿ. ಹೊಸ ವಿಂಡೋಸ್ ಹೀಗೇ ಇರಬೇಕು ಅಂತ ಅಂದುಕೊಂಡ. ಯಾರನ್ನೋ ಫೋನಿನಲ್ಲಿ ಕೇಳಿದ್ದಕ್ಕೆ "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಬಿಡಿ, ತಲೆನೋವೇ ಇಲ್ಲ" ಅಂದರಂತೆ. ಪುಣ್ಯಕ್ಕೆ ಅಕ್ಕ ಒಪ್ಪಲಿಲ್ಲ.

ಅಕ್ಕನ ಡೆಸ್ಕ್‌ಟಾಪ್ ಅಂದರೆ ಏನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಖಾಲಿ ಡೆಸ್ಕ್‌ಟಾಪ್‌ಗೆ ಇಷ್ಟೊಂದು ಗಾಬರಿ ಯಾಕೆ ಅನ್ನಿಸುತ್ತದೆ.

ಮುಗಿದ ಕೆಲಸವೆಲ್ಲ ಡಿ ಡ್ರೈವ್‌ನಲ್ಲಿ ವರ್ಷವಾರು ಇರುತ್ತದೆ. ನಡೆಯುತ್ತಿರುವ ಕೆಲಸ ಡೆಸ್ಕ್‌ಟಾಪ್‌ನಲ್ಲಿ. ತುಳಸಿ ಹಬ್ಬ ಕಳೆದ ಮೇಲೆ ಮದುವೆ ಸಾಲು ಶುರು. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಬಂದುಬಿಡುತ್ತದೆ. ನಡುವಿನ ಈ ಆರು ವಾರದಲ್ಲಿ ಡೆಸ್ಕ್‌ಟಾಪ್ ಮೇಲೆ ನೂರರ ಮೇಲೆ ಐಕಾನ್ ಇರುತ್ತವೆ. ಅವು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ಎಡಗಡೆ ಮೂರು ಸಾಲು ಮದ್ದೂರು ಕಡೆಯವು. ನಡುವೆ ಮಂಡ್ಯ ತಾಲ್ಲೂಕು. ಬಲಗಡೆ ಪಾಂಡವಪುರ, ಶ್ರೀರಂಗಪಟ್ಟಣ. ಕೆಳಗಿನ ಸಾಲು ಪ್ರೂಫ್ ಆಗಿ ಪ್ರಿಂಟ್‌ಗೆ ರೆಡಿ ಇರುವವು. ಮೇಲಿನ ಬಲ ಮೂಲೆ ದುಡ್ಡು ಬಾಕಿ ಇರುವವು. ಅಕ್ಕನಿಗೆ ಫೈಲಿನ ಹೆಸರು ನೆನಪಿರಲ್ಲ, ಜಾಗ ನೆನಪಿರುತ್ತದೆ. ಗಿರಾಕಿ ಒಳಗೆ ಬಂದು ಊರಿನ ಹೆಸರು ಹೇಳುವಷ್ಟರಲ್ಲಿ ಮೌಸ್ ಅಲ್ಲಿಗೆ ಹೋಗಿರುತ್ತದೆ.

ಹಾಗಾಗಿ ಫೈಲ್ ಸಿಕ್ಕರೆ ಸಾಲದು, ಅದು ಇದ್ದ ಜಾಗದಲ್ಲೇ ಸಿಗಬೇಕು. ಮುಂದೆ ನಾನು ಹಿಡಿದ ದಾರಿಗೆ ಇದೇ ಕಾರಣ.

ಮೊದಲು ನಾನು ದಾರಿ ತಪ್ಪಿದ್ದು

ಹತ್ತೂವರೆಗೆ ಅಂಗಡಿಗೆ ಹೋದೆ. ಅಪ್‌ಗ್ರೇಡ್ ಆದ ಮೇಲೆ ಡೆಸ್ಕ್‌ಟಾಪ್ ಖಾಲಿ ಅಂದರೆ ನಾನು ಮೊದಲು ಅನುಮಾನ ಪಡುವುದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್ ಮೇಲೆ. ಅಪ್‌ಗ್ರೇಡ್ ನಂತರ ಬರುವ ಪ್ರಶ್ನೆಗಳಿಗೆ ಸುಮ್ನೆ ಹೌದು ಹೌದು ಅಂತ ಒತ್ತುತ್ತಾ ಹೋದರೆ, ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಗಡೆಗೆ ಸ್ಥಳಾಂತರವಾಗುವುದುಂಟು. ಆಗ ಫೈಲುಗಳು ಕಂಪ್ಯೂಟರಿನಲ್ಲೇ ಇರುತ್ತವೆ, ಇನ್ನೊಂದು ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿ. ಇದನ್ನು ಹಲವು ಕಡೆ ನೋಡಿದ್ದೇನೆ. ಆ ಧೈರ್ಯದಲ್ಲೇ ಮುಕ್ಕಾಲು ಗಂಟೆ ಹುಡುಕಿದೆ. ಈ ಅಂಗಡಿಯಲ್ಲಿ ಒನ್‌ಡ್ರೈವ್‌ಗೆ ಯಾರೂ ಲಾಗಿನ್ ಆಗಿಯೇ ಇಲ್ಲ. ಅದನ್ನು ಮೊದಲ ನಿಮಿಷದಲ್ಲೇ ಕೇಳಬೇಕಿತ್ತು.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಐಕಾನ್ ತೋರಿಸುವ ಆಯ್ಕೆ ಆಫ್ ಆಗಿದೆಯಾ ನೋಡಿದೆ. ಅದೂ ಅಲ್ಲ.

ಅಷ್ಟರಲ್ಲಿ ಅಕ್ಕ ಒಂದು ಮಾತು ಹೇಳಿದರು. ಹಳೇ ಮದುವೆ ಕಾರ್ಡೊಂದನ್ನು ಡಿ ಡ್ರೈವ್‌ನಿಂದ ತೆಗೆದು ನೋಡುತ್ತಿದ್ದರು. "ನೋಡಪ್ಪ, ಇದ್ರಲ್ಲಿ ಮಾವನ ಮನೆ ಹೆಸರು ಸರಿಯಾಗಿ ಬಂದದೆ. ಮೇಲಿನ ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ ಮಾತ್ರ ತಾಯತದ ತಗಡಿನ ಥರ ಆಗದೆ."

ಬಗ್ಗಿ ನೋಡಿದೆ. ಕಾರ್ಡು ಡಿಸೈನ್ ಮಾಡುವ ಕೋರೆಲ್‌ಡ್ರಾನಲ್ಲಿ ಅದು ತೆರೆದಿತ್ತು. ಒಳಗಿನ ಬರಹ ಶುದ್ಧ ಕನ್ನಡ. ತಲೆಬರಹ ಮಾತ್ರ ಚುಕ್ಕಿ, ಕೊಂಬು, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಗೊಂಚಲು.

ಡಿಟಿಪಿಯವರಿಗೆ ಇದು ಹೊಸದಲ್ಲ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೇ ಫಾಂಟ್‌ಗಳೂ ಆ ಮಾದರಿಯ ಬೇರೆ ಡಿಸೈನ್ ಫಾಂಟ್‌ಗಳೂ ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಪದ್ಧತಿಯವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಗಡು. ಯೂನಿಕೋಡ್ ಆಗಿದ್ದರೆ ವಿಂಡೋಸ್‌ನ ಜೊತೆಗೇ ಬರುವ ನಿರ್ಮಲಾ ಯುಐನಲ್ಲಾದರೂ ಓದಬಹುದಿತ್ತು. ಅಂದರೆ ಒಂದು ಫಾಂಟ್ ಹೋಗಿದೆ, ಇನ್ನೊಂದು ಇದೆ. ಅಪ್‌ಗ್ರೇಡ್ ಫಾಂಟ್‌ಗಳನ್ನು ಅಳಿಸುವುದಾದರೆ ಎರಡೂ ಹೋಗಬೇಕಿತ್ತು, ಅಲ್ವಾ?

"ತಲೆಬರಹದ ಫಾಂಟ್ ಯಾವಾಗ ಹಾಕಿದ್ದು?" ಅಂತ ಹುಡುಗನನ್ನು ಕೇಳಿದೆ.

"ಓದ್ ವರ್ಷ ನಾನೇ ಹಾಕ್ದೆ ಅಣ್ಣ. ಒಂದು ಅರವತ್ತು ಫಾಂಟಿದ್ವು. ಎಲ್ಲಾ ಸೆಲೆಕ್ಟ್ ಮಾಡಿ ಇನ್‌ಸ್ಟಾಲ್ ಕೊಟ್ಟೆ."

ಅಲ್ಲಿ ಗಂಟು ಸಿಕ್ಕಿತು. ನುಡಿ ತನ್ನ ಫಾಂಟ್‌ಗಳನ್ನು ಇಡೀ ಕಂಪ್ಯೂಟರಿಗೆ ಸೇರುವ ಹಾಗೆ, ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕುತ್ತದೆ. ಆದರೆ ವಿಂಡೋಸ್ 10ರ ಈಚಿನ ಆವೃತ್ತಿಗಳಿಂದ, ಬರೀ ಇನ್‌ಸ್ಟಾಲ್ ಅಂತ ಒತ್ತಿದರೆ ಫಾಂಟ್ ಹೋಗುವುದು ಆ ಬಳಕೆದಾರನ ಸ್ವಂತ ಫೋಲ್ಡರಿಗೆ. ಎಲ್ಲರಿಗೂ ಬೇಕಾದರೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಬೇಕು. ಕಂಪ್ಯೂಟರಿಗೆ ಸೇರಿದ್ದು ಉಳಿದಿದೆ, ಬಳಕೆದಾರನಿಗೆ ಸೇರಿದ್ದು ಹೋಗಿದೆ. ವಾಲ್‌ಪೇಪರ್, ಐಕಾನ್, ಕೋರೆಲ್‌ನ ಟೂಲ್‌ಬಾರ್ ಜೋಡಣೆ, ಡೀಫಾಲ್ಟ್ ಪ್ರಿಂಟರ್ ಎಲ್ಲವೂ ಬಳಕೆದಾರನಿಗೆ ಸೇರಿದವೇ. ಬೆಳಿಗ್ಗೆಯಿಂದ ಪ್ರಿಂಟ್ ಕೊಟ್ಟರೆ ಪೇಪರ್ ಬರುವ ಬದಲು ಪಿಡಿಎಫ್ ಫೈಲಿಗೆ ಹೆಸರು ಕೇಳುತ್ತಿತ್ತಂತೆ. ಅದೂ ಇದೇ ಲೆಕ್ಕಕ್ಕೆ ಬಂತು.

ಹಾಗಾದರೆ ಈಗ ಈ ಕಂಪ್ಯೂಟರಿನಲ್ಲಿ ಕೂತಿರುವ ಬಳಕೆದಾರ ಯಾರು?

ಒಂದು ಚುಕ್ಕಿ

ವಿಂಡೋಸ್ ಕೀ ಜೊತೆಗೆ ಆರ್ ಒತ್ತಿದರೆ ರನ್ ಬಾಕ್ಸ್ ಬರುತ್ತದೆ. ಅದರಲ್ಲಿ ಒಂದೇ ಒಂದು ಚುಕ್ಕಿ ಇಟ್ಟು ಎಂಟರ್ ಹೊಡೆದರೆ, ಈಗ ಲಾಗಿನ್ ಆಗಿರುವವರ ಸ್ವಂತ ಫೋಲ್ಡರ್ ತೆರೆದುಕೊಳ್ಳುತ್ತದೆ. ಅಕ್ಕನ ಅಕೌಂಟಿನ ಹೆಸರು 'ಡಿಟಿಪಿ'. ಸಿ ಡ್ರೈವ್, ಯೂಸರ್ಸ್, ಡಿಟಿಪಿ ಅಂತ ಬರಬೇಕು. ಬಂದದ್ದು ಸಿ ಡ್ರೈವ್, ಯೂಸರ್ಸ್, ಟೆಂಪ್.

ಒಂದು ಹಂತ ಮೇಲೆ ಹೋಗಿ ಯೂಸರ್ಸ್ ಫೋಲ್ಡರ್ ನೋಡಿದರೆ ಅಲ್ಲೇ ಪಕ್ಕದಲ್ಲಿ ಡಿಟಿಪಿ ಫೋಲ್ಡರ್ ಕೂತಿದೆ. ಒಳಗೆ ಡೆಸ್ಕ್‌ಟಾಪ್. ಅದರೊಳಗೆ ಮದ್ದೂರು, ಪಾಂಡವಪುರ, ಬಾಕಿ, ಎಲ್ಲ. ಪರದೆಯನ್ನು ಅಕ್ಕನ ಕಡೆ ತಿರುಗಿಸಿದೆ. ಅವರು ಕುರ್ಚಿಗೆ ಒರಗಿಕೊಂಡರು. "ಅಯ್ಯೋ ಶಿವನೆ" ಅಂದರು ಅಷ್ಟೆ.

ಆಗಿದ್ದು ಇಷ್ಟು. ನಾವು ಲಾಗಿನ್ ಆದಾಗ ವಿಂಡೋಸ್ ನಮ್ಮ ಫೋಲ್ಡರಿನಲ್ಲಿರುವ ಒಂದು ಅಡಗಿಸಿದ ಫೈಲನ್ನು ತೆರೆಯುತ್ತದೆ. ಹೆಸರು ಎನ್‌ಟಿಯೂಸರ್ ಡಾಟ್ ಡ್ಯಾಟ್. ನಮ್ಮ ಸೆಟ್ಟಿಂಗ್ ಮುಕ್ಕಾಲು ಪಾಲು ಇರುವುದು ಅದರಲ್ಲೇ. ಯಾವ ವಾಲ್‌ಪೇಪರ್, ಯಾವ ಪ್ರಿಂಟರ್ ಮೊದಲು, ಯಾವ ಐಕಾನ್ ಎಲ್ಲಿ ಅನ್ನುವುದೂ ಸೇರಿ. ಯಾವುದೋ ಕಾರಣಕ್ಕೆ ಆ ಫೈಲ್ ತೆರೆಯಲು ಆಗದಿದ್ದರೆ ವಿಂಡೋಸ್ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುವುದಿಲ್ಲ. ಟೆಂಪ್ ಅಂತ ತಾತ್ಕಾಲಿಕ ಪ್ರೊಫೈಲ್, ಅಂದರೆ ಬಳಕೆದಾರನ ಫೋಲ್ಡರ್ ಮತ್ತು ಸೆಟ್ಟಿಂಗ್‌ಗಳ ಗಂಟು, ಮಾಡಿ ಅದರೊಳಗೆ ಬಿಡುತ್ತದೆ. ಲಾಡ್ಜ್ ರೂಮಿನ ಹಾಗೆ. ಹಾಸಿಗೆ ಇದೆ, ಫ್ಯಾನಿದೆ, ನಮ್ಮದು ಅನ್ನುವುದು ಏನೂ ಇಲ್ಲ. ಖಾಲಿ ಮಾಡಿದ ತಕ್ಷಣ ರೂಮು ಗುಡಿಸಿಬಿಡುತ್ತಾರೆ.

ಗುಡಿಸುವ ವಿಷಯ ತಲೆಗೆ ಬಂದಿದ್ದೇ ತಿರುಗಿ ಹುಡುಗನನ್ನು ಕೇಳಿದೆ. "ನಿನ್ನೆ ಏನಾದ್ರೂ ಡೆಸ್ಕ್‌ಟಾಪ್‌ಗೆ ಸೇವ್ ಮಾಡಿದ್ಯೇನೋ?"

ಅವನು ಅತ್ತೆ ಮುಖ ನೋಡಿದ. ನನ್ನ ಮುಖ ನೋಡಿದ. "ಒಂದು ತಿಥಿ ಕಾರ್ಡು ಅಣ್ಣ. ಕೆರಗೋಡು ಕಡೆಯೋರ್ದು. ರಾತ್ರಿ ಮಾಡಿಟ್ಟು ಆಫ್ ಮಾಡ್ಕೊಂಡ್ ಓದೆ. ಬೆಳಿಗ್ಗೆ ಇರ್ನಿಲ್ಲ."

"ಅದ್ನ ನಂಗ್ಯಾಕ್ಲಾ ಹೇಳ್ನಿಲ್ಲ?" ಅಂದರು ಅಕ್ಕ.

ಹೆದರಿಕೊಂಡು ಬಾಯಿ ಬಿಟ್ಟಿರಲಿಲ್ಲ ಪಾಪ. ಇದನ್ನು ಮೊದಲೇ ಹೇಳಿದ್ದರೆ ನನ್ನ ಒನ್‌ಡ್ರೈವ್ ಯಾತ್ರೆಯೂ ಉಳಿಯುತ್ತಿತ್ತು. ಅಪ್‌ಗ್ರೇಡ್‌ನಲ್ಲಿ ಸೆಟ್ಟಿಂಗ್ ಹೋದರೆ ಒಂದು ಸಲ ಹೋಗುತ್ತದೆ. ಆಮೇಲೆ ಹೊಸದಾಗಿ ಮಾಡಿದ್ದು ಉಳಿಯುತ್ತದೆ. ಪ್ರತಿ ಸಲ ಆಫ್ ಮಾಡಿದಾಗಲೂ ಎಲ್ಲ ಮಾಯವಾಗಿ ಅದೇ ನೀಲಿ ಹೂವು ಬರುತ್ತಿದ್ದರೆ ಅದು ತಾತ್ಕಾಲಿಕ ಪ್ರೊಫೈಲೇ ಅನ್ನಬಹುದು. ವಿಂಡೋಸ್ ಇದನ್ನು ಹೇಳದೆಯೂ ಇರಲಿಲ್ಲ. ಲಾಗಿನ್ ಆದ ಕೂಡಲೇ ಒಂದು ಕಿಟಕಿ ಬರುತ್ತದೆ. ನಿಮ್ಮ ಅಕೌಂಟಿಗೆ ಸೈನ್ ಇನ್ ಆಗಲಾಗುತ್ತಿಲ್ಲ, ಈಗ ಸೈನ್ ಔಟ್ ಮಾಡದಿದ್ದರೆ ನೀವು ಮಾಡುವ ಫೈಲುಗಳು ಹೋಗುತ್ತವೆ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೆಳಗೆ ಎರಡು ಬಟನ್. ಹುಡುಗ 'ಡಿಸ್ಮಿಸ್' ಒತ್ತಿದ್ದ. "ಅಪ್‌ಡೇಟ್ ಆದಾಗ ನೂರೆಂಟು ಬತ್ತವಲ್ಲಣ್ಣ" ಅಂದ. ಅದೂ ಸರಿಯೇ. ನಾನೂ ಎಷ್ಟೋ ಸಲ ಓದದೆ ಒತ್ತಿದ್ದೇನೆ.

ತಿಥಿ ಕಾರ್ಡನ್ನು ಅಳಿಸಿಹೋದ ಜಾಗದಿಂದ ತೆಗೆಯುವ ಆಸೆ ನನಗೆ ಇರಲಿಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಡಿಸ್ಕು ತಾನೇ ಬೇಗ ಒರೆಸಿಬಿಡುತ್ತದೆ, ಹಳೇ ಹಾರ್ಡ್ ಡಿಸ್ಕಿನ ಹಾಗಲ್ಲ. ಆದರೆ ಹುಡುಗ ಪ್ರೂಫ್ ನೋಡಲಿ ಅಂತ ಆ ಮನೆಯವರಿಗೆ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿದ್ದ. ಅದನ್ನು ಮೊಬೈಲ್‌ನಲ್ಲಿ ತೆಗೆದು ಕೀಬೋರ್ಡಿಗೆ ಒರಗಿಸಿಕೊಂಡು ಅಕ್ಕ ಮತ್ತೆ ಟೈಪ್ ಮಾಡಿದರು. ಪೆನ್‌ಡ್ರೈವ್‌ಗೆ ಸೇವ್ ಮಾಡಿಸಿದೆ. ಇಪ್ಪತ್ತು ನಿಮಿಷ. ಮದುವೆ ಕಾರ್ಡಾದರೆ ನಾಳೆ ಬನ್ನಿ ಅನ್ನಬಹುದು, ತಿಥಿ ಕಾರ್ಡಿಗೆ ಹಾಗನ್ನೋಕಾಗಲ್ಲ.

ಹೊಸ ಅಕೌಂಟ್ ಯಾಕೆ ಮಾಡಲಿಲ್ಲ

ಇಂಥ ಕೇಸಿಗೆ ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ. ಹೊಸ ಯೂಸರ್ ಮಾಡಿ, ಹಳೇ ಫೋಲ್ಡರಿನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿಕೊಳ್ಳಿ. ಅರ್ಧ ಗಂಟೆ ಕೆಲಸ. ಫೈಲಷ್ಟೇ ಬೇಕಾದವರಿಗೆ ಅದೇ ಒಳ್ಳೇದು. ನಾನೂ ಎಷ್ಟೋ ಕಡೆ ಮಾಡಿದ್ದೇನೆ.

ಅಕ್ಕನಿಗೆ ಅದು ಆಗುವುದಿಲ್ಲ. ಡೆಸ್ಕ್‌ಟಾಪ್ ಫೋಲ್ಡರನ್ನು ಕಾಪಿ ಮಾಡಿದರೆ ನೂರು ಐಕಾನ್ ಎಡಗಡೆಯಿಂದ ಹೆಸರಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ. ಯಾವುದು ಎಲ್ಲಿತ್ತು ಅನ್ನುವ ಲೆಕ್ಕ ಫೋಲ್ಡರಿನಲ್ಲಿಲ್ಲ, ಆ ಅಡಗಿಸಿದ ಫೈಲಿನಲ್ಲಿದೆ. ಹಾಗಾಗಿ ಹಳೇ ಪ್ರೊಫೈಲನ್ನೇ ಎಬ್ಬಿಸಬೇಕು.

ಅದಕ್ಕೆ ಮೊದಲು ಎರಡು ಕೆಲಸ. ಒಂದು, ಅಪ್‌ಗ್ರೇಡ್ ಆದ ಮೇಲೆ ಹಿಂದಿನ ವಿಂಡೋಸ್ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. ಹತ್ತು ದಿನ ಮಾತ್ರ. ಅಷ್ಟರೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ವಾಪಸ್ ಹೋಗಬಹುದು. ಸಿ ಡ್ರೈವ್ ತುಂಬಿದೆ ಅಂತ ಹುಡುಗ ಆ ಫೋಲ್ಡರನ್ನು ಅಳಿಸುವುದರಲ್ಲಿದ್ದ. ಬೇಡ ಅಂದೆ. ವಿಂಡೋಸ್‌ನದೇ ಡಿಸ್ಮ್ ಅನ್ನುವ ಕಮಾಂಡ್ ಕೊಟ್ಟು ಹತ್ತು ದಿನದ ಗಡುವನ್ನು ಅರವತ್ತಕ್ಕೆ ಏರಿಸಿದೆ. ಅರವತ್ತಕ್ಕಿಂತ ಜಾಸ್ತಿ ಬಿಡುವುದಿಲ್ಲ. ಎರಡು, ನನ್ನ ಹೆಸರಿನಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿಕೊಂಡು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅದರಿಂದ ಒಳಹೋಗಿ ಡಿಟಿಪಿ ಫೋಲ್ಡರನ್ನು ಪೂರ್ತಿ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿದೆ.

ಕಾಪಿ ಆಗುವಾಗ ಒಂದು ಫೈಲ್ ಮಾತ್ರ ಹೋಗಲಿಲ್ಲ. ಬೇರೆ ಪ್ರೋಗ್ರಾಮ್ ಇದನ್ನು ತೆರೆದುಕೊಂಡಿದೆ ಅಂತ ಬಂತು. ಎನ್‌ಟಿಯೂಸರ್ ಡಾಟ್ ಡ್ಯಾಟ್. ಅದು ಯಾವಾಗಲೂ ಹೀಗೇ ಅಂದುಕೊಂಡು 'ಸ್ಕಿಪ್' ಒತ್ತಿದೆ. ಹುಡುಗ ಡಿಸ್ಮಿಸ್ ಒತ್ತಿದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಅಂತ ಮಾರನೇ ದಿನ ಗೊತ್ತಾಯಿತು.

ರಿಜಿಸ್ಟ್ರಿ

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ ರಿಜಿಸ್ಟ್ರಿ. ಅದರ ಎಡಿಟರ್‌ನಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್ ದಾಟಿ ಹೋದರೆ 'ಪ್ರೊಫೈಲ್‌ಲಿಸ್ಟ್' ಸಿಗುತ್ತದೆ. ಪ್ರತಿ ಬಳಕೆದಾರನಿಗೂ ಅಲ್ಲಿ ಒಂದು ಉದ್ದ ನಂಬರ್. ಎಸ್-1-5-21 ಅಂತ ಶುರುವಾಗುತ್ತದೆ. ಅಕ್ಕನ ಅಕೌಂಟಿನ ನಂಬರ್ ಎರಡು ಸಲ ಇತ್ತು. ಒಂದು ಬರೀ ನಂಬರ್. ಅದರೊಳಗೆ 'ಪ್ರೊಫೈಲ್‌ಇಮೇಜ್‌ಪಾತ್' ಟೆಂಪ್ ಫೋಲ್ಡರನ್ನು ತೋರಿಸುತ್ತಿತ್ತು. ಇನ್ನೊಂದು ಅದೇ ನಂಬರ್, ಕೊನೆಯಲ್ಲಿ 'ಡಾಟ್ ಬ್ಯಾಕ್'. ಅದು ನಿಜವಾದ ಡಿಟಿಪಿ ಫೋಲ್ಡರನ್ನು ತೋರಿಸುತ್ತಿತ್ತು. ವಿಂಡೋಸ್ ಅಸಲಿಯನ್ನು ಪಕ್ಕಕ್ಕಿಟ್ಟು ನಕಲಿಗೆ ಅದರ ಹೆಸರು ಕೊಟ್ಟಿದೆ.

ಮೊದಲು ಇಡೀ ಪ್ರೊಫೈಲ್‌ಲಿಸ್ಟನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೆ ಟೆಂಪ್ ತೋರಿಸುವ ನಂಬರಿಗೆ ಕೊನೆಯಲ್ಲಿ 'ಡಾಟ್ ಓಲ್ಡ್' ಸೇರಿಸಿದೆ. ಅಸಲಿಯ ಬಾಲದಿಂದ 'ಡಾಟ್ ಬ್ಯಾಕ್' ತೆಗೆದೆ. ಅದರೊಳಗಿನ 'ಸ್ಟೇಟ್' ಮತ್ತು 'ರೆಫ್‌ಕೌಂಟ್' ಎರಡನ್ನೂ ಸೊನ್ನೆ ಮಾಡಿದೆ. ಇಷ್ಟೇ. ಆದರೆ ಕೈ ತಪ್ಪಿ ಪಕ್ಕದ ನಂಬರನ್ನು ಮುಟ್ಟಿದರೆ ಇನ್ನೊಬ್ಬರ ಅಕೌಂಟ್ ಎದ್ದೇಳುವುದಿಲ್ಲ. ಅದಕ್ಕೇ ಎಕ್ಸ್‌ಪೋರ್ಟ್.

ಲಾಗಿನ್ ಆಗುವ ಮುಂಚೆ ಇನ್ನೊಂದು ನೋಡಿದೆ: ಮಾನಿಟರಿನ ರೆಸಲ್ಯೂಶನ್. ಅಪ್‌ಗ್ರೇಡ್ ಆದ ಮೇಲೆ ಡಿಸ್‌ಪ್ಲೇ ಡ್ರೈವರ್ ಸರಿಯಾಗಿ ಕೂರದೆ ಪರದೆ ದಪ್ಪಗೆ ಕಾಣುವುದುಂಟು. ಆ ಸ್ಥಿತಿಯಲ್ಲಿ ಒಮ್ಮೆ ಡೆಸ್ಕ್‌ಟಾಪ್ ತೆರೆದರೆ, ಜಾಗ ಸಾಲದೆ ಐಕಾನ್‌ಗಳು ಒತ್ತಿಕೊಂಡು ಬೇರೆ ಕಡೆ ಕೂತುಬಿಡುತ್ತವೆ. ಇಷ್ಟೆಲ್ಲ ಮಾಡಿದ್ದೇ ಐಕಾನ್ ಜಾಗಕ್ಕೋಸ್ಕರ. ನೋಡಿದೆ, 1920 ಇಂಟು 1080, ಸರಿ ಇತ್ತು.

ನನ್ನ ಅಕೌಂಟಿನಿಂದ ಹೊರಬಂದು ಡಿಟಿಪಿ ಮೇಲೆ ಕ್ಲಿಕ್ ಮಾಡಿದೆ. ಚಕ್ರ ತಿರುಗಿತು. ಅಕ್ಕನ ಮೊಮ್ಮಗಳ ಫೋಟೋ ಬಂತು. ಅದರ ಮೇಲೆ ಒಂದೊಂದೇ ಸಾಲು, ಎಡಗಡೆ ಮದ್ದೂರು, ಬಲ ಮೂಲೆಯಲ್ಲಿ ಬಾಕಿ. ಅಕ್ಕ ಮೌಸ್ ಕಿತ್ತುಕೊಂಡು ಸೀದಾ ಬಾಕಿ ಮೂಲೆಗೆ ಹೋಗಿ ಒಂದು ಫೈಲ್ ತೆರೆದರು. ಆ ಗಿರಾಕಿ ಬೆಳಿಗ್ಗೆಯೇ ಬಂದು ದುಡ್ಡು ಎಷ್ಟು ಅಂತ ಕೇಳಿ ಹೋಗಿದ್ದನಂತೆ.

ತಲೆಬರಹದ ಫಾಂಟ್ ಸರಿಯಾಗಿತ್ತು. ಕೋರೆಲ್‌ನ ಟೂಲ್‌ಬಾರ್ ಇದ್ದ ಹಾಗೇ ಇತ್ತು. ಮಧ್ಯಾಹ್ನ ಮೂರಕ್ಕೆ ನಾನು ಗೆದ್ದ ಹಮ್ಮಿನಲ್ಲಿ ಮನೆಗೆ ಹೋದೆ. ಹೋಗುವ ಮುಂಚೆ ಹುಡುಗನಿಗೆ ಆ ಚುಕ್ಕಿಯ ಆಟ ಕಲಿಸಿದ್ದೆ.

ಮಂಗಳವಾರ

"ಅಣ್ಣ, ಚುಕ್ಕಿ ಒತ್ದೆ. ಟೆಂಪ್ ಅಂತದೆ."

ಈ ಸಲ ಹುಡುಗ ಏನನ್ನೂ ಮುಟ್ಟಿರಲಿಲ್ಲ. ಕೆಲಸ ನಿಲ್ಲಿಸಿ ಮೊದಲು ಫೋನ್ ಮಾಡಿದ್ದ. ಸೋಮವಾರ ಸಂಜೆ ಮಾಡಿದ ಕೆಲಸ ಅಸಲಿ ಫೋಲ್ಡರಿನಲ್ಲೇ ಕ್ಷೇಮವಾಗಿತ್ತು.

ನಿನ್ನೆ ನಾನು ರೋಗದ ಗುರುತನ್ನು ಸರಿಪಡಿಸಿದ್ದೆ, ರೋಗವನ್ನಲ್ಲ. ಫೈಲ್ ಯಾಕೆ ತೆರೆಯಲಿಲ್ಲ ಅಂತ ಕೇಳಿಯೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ನಂಬರ್ ಹಾಕಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್‌ನಲ್ಲಿ 'ಯೂಸರ್ ಪ್ರೊಫೈಲ್ಸ್ ಸರ್ವಿಸ್' ಬರೆದಿರುವುದನ್ನು ಓದಿದೆ. 1511 ಇತ್ತು, ಸ್ಥಳೀಯ ಪ್ರೊಫೈಲ್ ಸಿಗದೆ ತಾತ್ಕಾಲಿಕದಲ್ಲಿ ಬಿಡುತ್ತಿದ್ದೇನೆ ಅನ್ನುವುದು. 1515 ಇತ್ತು, ಪ್ರೊಫೈಲನ್ನು ಬ್ಯಾಕಪ್ ಇಟ್ಟಿದ್ದೇನೆ, ಮುಂದಿನ ಸಲ ಲಾಗಿನ್ ಆದಾಗ ಅದನ್ನೇ ಬಳಸಲು ನೋಡುತ್ತೇನೆ ಅನ್ನುವುದು. ಇವೆರಡೂ ಫಲ. ಕಾರಣ ಇದ್ದದ್ದು ಅವಕ್ಕಿಂತ ಮುಂಚೆ ಬಂದ 1508ರಲ್ಲಿ. ರಿಜಿಸ್ಟ್ರಿ ಫೈಲನ್ನು ಲೋಡ್ ಮಾಡಲಾಗಲಿಲ್ಲ, ಬೇರೆ ಪ್ರೋಗ್ರಾಮ್ ಅದನ್ನು ಬಳಸುತ್ತಿದೆ. ಫೈಲಿನ ಹೆಸರು, ಡಿಟಿಪಿ ಫೋಲ್ಡರಿನ ಎನ್‌ಟಿಯೂಸರ್ ಡಾಟ್ ಡ್ಯಾಟ್.

ಆಗ ನೆನ್ನೆಯ ಸ್ಕಿಪ್ ನೆನಪಾಯಿತು. ನಾವು ಲಾಗಿನ್ ಆಗಿರುವ ಅಕೌಂಟಿನಲ್ಲಿ ಆ ಫೈಲ್ ತೆರೆದೇ ಇರುತ್ತದೆ, ಕಾಪಿ ಆಗದಿರುವುದು ಸಹಜ. ಆದರೆ ನಾನಿದ್ದದ್ದು ಬೇರೆ ಅಕೌಂಟಿನಲ್ಲಿ. ರೀಸ್ಟಾರ್ಟ್ ಆಗಿ ಎರಡು ನಿಮಿಷ ಆಗಿತ್ತು. ಅಕ್ಕನ ಫೈಲನ್ನು ಆಗ ಯಾರೂ ಹಿಡಿದಿರಬಾರದಿತ್ತು.

ಯಾರು ಹಿಡಿದಿದ್ದರು ಅಂತ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಗಡಿಯಾರದ ಪಕ್ಕ ಒಂದು ಆಂಟಿವೈರಸ್ ಕೂತಿತ್ತು. ದುಡ್ಡು ಕೊಟ್ಟು ತಂದದ್ದು, ಅವಧಿ ಮುಗಿದು ವರ್ಷದ ಮೇಲಾಗಿತ್ತು. ವಿಂಡೋಸ್ 10ರ ಕಾಲದ ಆವೃತ್ತಿ. ಕಂಪ್ಯೂಟರ್ ಏಳುತ್ತಿದ್ದ ಹಾಗೆ ಅದು ಬಳಕೆದಾರರ ಫೋಲ್ಡರುಗಳನ್ನು ಜಾಲಾಡಲು ಶುರು ಮಾಡುತ್ತಿತ್ತು. ಡಿಟಿಪಿ ಅಕೌಂಟಿಗೆ ಪಾಸ್‌ವರ್ಡ್ ಇಲ್ಲ, ಕಂಪ್ಯೂಟರ್ ಆನ್ ಆದರೆ ಸೀದಾ ಒಳಗೆ ಹೋಗುತ್ತದೆ. ವಿಂಡೋಸ್ ಬಂದು ಬಾಗಿಲು ಬಡಿಯುವ ಹೊತ್ತಿಗೆ ಚಿಲಕ ಆಂಟಿವೈರಸ್ ಕೈಯಲ್ಲಿ. ಸೋಮವಾರ ಮಧ್ಯಾಹ್ನ ನಾನು ಮೊದಲು ನನ್ನ ಅಕೌಂಟಿನಲ್ಲಿ ಗಂಟೆಗಟ್ಟಲೆ ಕೂತು ಆಮೇಲೆ ಡಿಟಿಪಿಗೆ ಹೋಗಿದ್ದೆ. ಅಷ್ಟರಲ್ಲಿ ಅದು ಕೈ ಬಿಟ್ಟಿತ್ತು. ನನ್ನ ರಿಪೇರಿ ಕೆಲಸ ಮಾಡಿದ ಹಾಗೆ ಕಂಡದ್ದು ಅದಕ್ಕೇ.

ನನ್ನ ಅಕೌಂಟಿಗೆ ಹೋಗಿ ಆ ಆಂಟಿವೈರಸ್ ತೆಗೆದುಹಾಕಿದೆ. ಅದು ಹೋದ ಕೂಡಲೇ ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಆನ್ ಆಯಿತು. ಅಂಗಡಿಗೆ ಅಷ್ಟು ಸಾಕು. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಒಳಗಿನ ಅರ್ಧವನ್ನು ಹಾಗೇ ಎತ್ತಿಟ್ಟುಕೊಂಡು ಮತ್ತೆ ಬಿಚ್ಚುತ್ತದೆ. ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ಹುಡುಗ ಭಾನುವಾರ ಮೂರು ಸಲ "ಆಫ್ ಮಾಡಿ ಆನ್ ಮಾಡ್ದೆ" ಅಂದಿದ್ದ. ಒಂದು ಸಲವೂ ರೀಸ್ಟಾರ್ಟ್ ಕೊಟ್ಟಿರಲಿಲ್ಲ.

ಈ ಸಲ ರಿಜಿಸ್ಟ್ರಿ ಮುಟ್ಟಲಿಲ್ಲ. 1515 ಹೇಳಿದ ಮಾತನ್ನು ನಂಬಿ ಬರೀ ರೀಸ್ಟಾರ್ಟ್ ಕೊಟ್ಟೆ. ಅಕ್ಕನ ಮೊಮ್ಮಗಳು ತಾನಾಗಿ ಬಂದಳು. ಮತ್ತೆರಡು ಸಲ ರೀಸ್ಟಾರ್ಟ್, ಒಂದು ಸಲ ಪೂರ್ತಿ ಆಫ್. ಪ್ರತಿ ಸಲ ಚುಕ್ಕಿ ಒತ್ತಿದಾಗ ಡಿಟಿಪಿ ಅಂತಲೇ ಬಂತು. ಸೋಮವಾರ ಲಾಗ್ ಓದಿ ಆಂಟಿವೈರಸ್ ತೆಗೆದಿದ್ದರೆ ರಿಜಿಸ್ಟ್ರಿಗೆ ಕೈ ಹಾಕುವ ಅಗತ್ಯವೇ ಬರುತ್ತಿರಲಿಲ್ಲವೇನೋ. ಆಂಟಿವೈರಸ್ಸೇ ಅಂತ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ನನ್ನ ಹತ್ತಿರ ಇಲ್ಲ. ಅದನ್ನು ತೆಗೆದ ಮೇಲೆ 1508 ಮತ್ತೆ ಬಂದಿಲ್ಲ, ಅಷ್ಟು ಹೇಳಬಲ್ಲೆ.

ಈಗ ಹಾರ್ಡ್ ಡಿಸ್ಕಿಗೆ ಮತ್ತೊಂದು ಸಲ ಕಾಪಿ ಹಾಕಿದೆ, ನನ್ನ ಅಕೌಂಟಿನಿಂದಲೇ. ಎನ್‌ಟಿಯೂಸರ್ ಡಾಟ್ ಡ್ಯಾಟ್ ಗಪ್‌ಚುಪ್ ಹೋಯಿತು. ಹುಡುಗ ತನ್ನ ಅರವತ್ತು ಫಾಂಟ್‌ಗಳನ್ನು ಮತ್ತೆ ಸೆಲೆಕ್ಟ್ ಮಾಡಿ ಈ ಸಲ ಎಲ್ಲ ಬಳಕೆದಾರರಿಗೂ ಸೇರುವ ಹಾಗೆ ಹಾಕಿದ.

ಬರದೇ ಉಳಿದದ್ದು

ಸ್ಟಾರ್ಟ್ ಮೆನುವಿನ ಹಳೇ ಟೈಲ್‌ಗಳು ಬರಲಿಲ್ಲ, ವಿಂಡೋಸ್ 11ರಲ್ಲಿ ಅವು ಇಲ್ಲವೇ ಇಲ್ಲ. ಅದನ್ನು ಅಕ್ಕ ಕೇಳಲೂ ಇಲ್ಲ. ಅವರಿಗೆ ಬೇಜಾರಾದದ್ದು ಟಾಸ್ಕ್‌ಬಾರ್ ವಿಷಯಕ್ಕೆ. ವಿಂಡೋಸ್ 10ರಲ್ಲಿ ಅದನ್ನು ಪರದೆಯ ಮೇಲ್ಗಡೆ ಇಟ್ಟುಕೊಂಡಿದ್ದರು. ಕೆಳಗಿನ ಸಾಲು ಪ್ರಿಂಟ್‌ಗೆ ರೆಡಿ ಇರುವ ಕಾರ್ಡುಗಳಿಗೆ ಮೀಸಲಲ್ಲವೇ. ಅವರ ಕಂಪ್ಯೂಟರಿಗೆ ಬಂದಿದ್ದ ಆವೃತ್ತಿಯಲ್ಲಿ ಟಾಸ್ಕ್‌ಬಾರನ್ನು ಮೇಲಕ್ಕೆ ಕಳಿಸುವ ಸೌಲಭ್ಯ ಇರಲಿಲ್ಲ. ನಡುವೆ ನಿಂತಿದ್ದ ಐಕಾನ್‌ಗಳನ್ನು ಎಡಕ್ಕೆ ತಳ್ಳಿಕೊಟ್ಟೆ, ಅಷ್ಟೇ ಆಗಿದ್ದು.

"ಮ್ಯಾಕ್ಕೆ ಓಗಲ್ವಾ ಇದು?" ಅಂತ ಎರಡು ಸಲ ಕೇಳಿದರು.

ಹೋಗಲ್ಲ ಅಕ್ಕ ಅಂದೆ. ಕೆಳಗಿನ ಸಾಲಿನ ಹನ್ನೊಂದು ಐಕಾನ್‌ಗಳನ್ನು ಒಂದೊಂದಾಗಿ ಹಿಡಿದು, ಖಾಲಿಯಾದ ಮೇಲಿನ ಸಾಲಿಗೆ ಸಾಗಿಸಿದರು. ಬಾಕಿಯವರನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು. ಎಲ್ಲ ಆದ ಮೇಲೆ ಹುಡುಗನ ಕೈಲಿ ಪರದೆಯ ಫೋಟೋ ತೆಗೆಸಿ ತಮ್ಮ ಮೊಬೈಲಿಗೆ ಕಳಿಸಿಕೊಂಡರು.